ನೂರರ ಕೆಳಗೆ ಕತ್ತರಿಸಿದ್ದು

ಹುಣಸೂರು ದಾಟಿ ಹನಗೋಡಿನ ಕಡೆ ತಿರುಗಿದರೆ ಮಳೆಗಾಲದಲ್ಲಿ ಮೊದಲು ಎದುರಾಗುವುದು ವಾಸನೆ. ಬ್ಯಾರನ್ನು ಎಂದು ಕರೆಯುವ ಎತ್ತರದ ಒಲೆಮನೆಗಳಲ್ಲಿ ಹೊಗೆಸೊಪ್ಪು ಬೇಯುತ್ತಿರುತ್ತದೆ. ಬೆಲ್ಲ ಸೀದಂತೆಯೂ ಹಸಿ ಹುಲ್ಲು ಒಣಗಿದಂತೆಯೂ ಇರುವ ಆ ವಾಸನೆ ಮಳೆ ಬಿದ್ದಾಗ ಮೇಲೇಳುವುದಿಲ್ಲ, ನೆಲಕ್ಕೇ ಅಂಟಿಕೊಂಡು ರಸ್ತೆ ತುಂಬ ನಿಲ್ಲುತ್ತದೆ. ಅಂಗಿಗೆ ಹತ್ತಿ ಮನೆಯೊಳಕ್ಕೂ ಬರುತ್ತದೆ. ಹುಟ್ಟಿದಾಗಿನಿಂದ ಅದರಲ್ಲೇ ಬೆಳೆದವನು ನಾನು, ಅದರ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ. ಮೂರು ವರ್ಷದಿಂದ ಮಾತ್ರ ಆ ವಾಸನೆ ಬಂದರೆ ನನ್ನ ಬಲಗೈ ತಾನಾಗಿ ಎದೆಗೆ ಹೋಗುತ್ತದೆ. ಹೆಂಡತಿ ಗ್ಯಾಸ್ಟ್ರಿಕ್ ಎಂದುಕೊಂಡಿದ್ದಾಳೆ.

ಮೊನ್ನೆ ಮಧ್ಯಾಹ್ನ ಅದೇ ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿ ರೈನ್‌ಕೋಟ್ ಹಾಕಿಕೊಳ್ಳುತ್ತಿದ್ದಾಗ ಸುಮಿತ್ರಾ ಮೇಡಂ ಫೋನ್ ಮಾಡಿದರು. ಕಾಡಂಚಿನ ಗಿರಿಜನರ ಹಾಡಿಯ ಮಕ್ಕಳು ಓದುವ ಶಾಲೆಯಲ್ಲಿ ಟೀಚರ್ ಅವರು. ಕ್ಷೇಮ ಸಮಾಚಾರ ಏನೂ ಇಲ್ಲದೆ ನೇರ ವಿಷಯಕ್ಕೆ ಬಂದರು. ಕಾಳಮ್ಮನಿಗೆ ತಮ್ಮನ ದನಿ ಕೇಳಬೇಕಂತೆ. ಅವತ್ತು ಹಾಡು ರೆಕಾರ್ಡ್ ಮಾಡುವಾಗ ಬೊಮ್ಮ ನಡುವೆ ಮಾತಾಡಿದ್ದನಲ್ಲ, ಅದು ನಿಮ್ಮ ಹತ್ತಿರ ಇನ್ನೂ ಇದೆಯಾ ಎಂದು ಕೇಳಿದರು. ಸತ್ತವನದು ಒಂದು ಫೋಟೋ ಬಿಟ್ಟರೆ ಏನೂ ಉಳಿದಿಲ್ಲ, ಆ ಫೋಟೋದಲ್ಲೂ ಅವನು ಬೇರೆಲ್ಲೋ ನೋಡುತ್ತಿದ್ದಾನೆ ಎಂದರು.

ಇದೆ ಎಂದೆ. ಇರುವುದು ನಿಜ. ಆದರೆ ಆ ದನಿಯ ಅಡಿಯಲ್ಲಿ ಇನ್ನೊಂದು ಶಬ್ದವಿದೆ. ಅದನ್ನು ಮೂರು ವರ್ಷದಿಂದ ಯಾರಿಗೂ ಕೇಳಿಸದೆ ಇಟ್ಟುಕೊಂಡಿದ್ದೇನೆ. ಬೇಕಾದರೆ ಅದನ್ನು ಕತ್ತರಿಸಿ ಬರೀ ಬೊಮ್ಮನ ಮಾತನ್ನು ಕೊಡಬಹುದು, ಎರಡು ನಿಮಿಷದ ಕೆಲಸ. ಆ ಎರಡು ನಿಮಿಷದ ಕೆಲಸವನ್ನು ಒಮ್ಮೆ ಮಾಡಿ ಆಗಿದೆ. ಕಾಳಮ್ಮನನ್ನು ನಾಳೆ ಕರೆದುಕೊಂಡು ಬನ್ನಿ ಎಂದು ಹೇಳಿ ಫೋನ್ ಇಟ್ಟವನು, ಮಳೆ ನಿಂತರೂ ಅಲ್ಲೇ ನಿಂತಿದ್ದೆ.

ನನ್ನ ವಿಷಯ ಹೇಳಿಬಿಡುತ್ತೇನೆ. ಹೆಸರು ಲೋಕೇಶ. ಅಪ್ಪ ಹೊಗೆಸೊಪ್ಪು ಸಾಕೆಂದು ಬಿಟ್ಟ ಮೇಲೆ ಖಾಲಿ ಬಿದ್ದಿದ್ದ ಬ್ಯಾರನ್ನೇ ನನ್ನ ಸ್ಟುಡಿಯೊ. ಕಿಟಕಿಯಿಲ್ಲದ, ಎತ್ತರದ, ದಪ್ಪ ಗೋಡೆಯ ಕೋಣೆ. ಶಬ್ದದ ಕೆಲಸಕ್ಕೆಂದೇ ಹೇಳಿ ಕಟ್ಟಿಸಿದ ಹಾಗಿದೆ. ಒಳಗೆ ಹಳೆ ಕಂಬಳಿ, ಗೋಣಿಚೀಲ, ತೆಂಗಿನ ನಾರು ಬಡಿದು ಗೋಡೆಗಳ ಬಾಯಿ ಮುಚ್ಚಿಸಿದ್ದೆ. ಅದಕ್ಕೂ ಮುಂಚೆ ಹತ್ತು ವರ್ಷ ಮೈಕ್ ಸೆಟ್ ಹೊತ್ತವನು ನಾನು. ಪಿರಿಯಾಪಟ್ಟಣದಿಂದ ಕೆ.ಆರ್. ನಗರದವರೆಗೆ ಮದುವೆ, ನಾಮಕರಣ, ಗಣಪತಿ ಕೂರಿಸುವುದು, ಭೇರ್ಯದ ಕಡೆಯ ಆರ್ಕೆಸ್ಟ್ರಾ, ಎಲ್ಲ ಕಡೆ ನನ್ನ ಸ್ಪೀಕರ್ ಬಾಕ್ಸುಗಳು ಕೂಗಿವೆ. ಅಲ್ಲಿ ಕಲಿತದ್ದು ಒಂದೇ ವಿದ್ಯೆ, ಜೋರು. ಪಕ್ಕದ ಬೀದಿಯ ಬಾಕ್ಸಿಗಿಂತ ನಮ್ಮದು ಜೋರಾಗಿದ್ದರೆ ಗೆದ್ದ ಹಾಗೆ.

ಸ್ಟುಡಿಯೊ ಮಾಡಿದ ಮೇಲೆ ಗೊತ್ತಾಯಿತು, ಫೋನಿನಲ್ಲಿ ಹಾಡು ಕೇಳಿಸುವ ಕಂಪನಿಗಳ ಮುಂದೆ ಈ ವಿದ್ಯೆ ನಡೆಯುವುದಿಲ್ಲ. ನಾವು ಎಷ್ಟೇ ಜೋರು ಮಾಡಿ ಕಳಿಸಿದರೂ ಅವರು ಅಳೆಯುತ್ತಾರೆ, ಹೆಚ್ಚಿದ್ದರೆ ತಗ್ಗಿಸುತ್ತಾರೆ, ಎಲ್ಲರ ಹಾಡನ್ನೂ ಸುಮಾರಾಗಿ ಒಂದೇ ಮಟ್ಟಕ್ಕೆ ತಂದು ಬಿಡುತ್ತಾರೆ. ನನ್ನ ಮೊದಲ ಗಣಪತಿ ಹಾಡು ಬ್ಯಾರನ್ನಿನಲ್ಲಿ ಹುಲಿಯಾಗಿತ್ತು, ಫೋನಿಗೆ ಬಂದಾಗ ನೆಂದ ಬೆಕ್ಕು. ಹಾಡಿಸಿದವರು ಬಂದು ಮುಖಕ್ಕೆ ಮಂಗಳಾರತಿ ಮಾಡಿ ಹೋದರು. ಆಮೇಲೆ ಕೂತು ಕಲಿತೆ. ಆ ಕಂಪನಿಗಳ ಮೀಟರ್ ಬರೀ ಶಬ್ದವನ್ನು ಅಳೆಯುವುದಿಲ್ಲ, ಮನುಷ್ಯನ ಕಿವಿಗೆ ಅದು ಎಷ್ಟು ಜೋರು ಅನ್ನಿಸುತ್ತದೆ ಎಂಬುದನ್ನು ಅಳೆಯುತ್ತದೆ. ಚುರುಕಾದ ದನಿಗೆ ಹೆಚ್ಚು ಬೆಲೆ, ತಗ್ಗಿನ ಗುಡುಗುಡು ಶಬ್ದಕ್ಕೆ ಕಡಿಮೆ ಬೆಲೆ. ತೀರಾ ಸಣ್ಣಗಿದ್ದದ್ದು ಅದರ ಲೆಕ್ಕಕ್ಕೇ ಬರುವುದಿಲ್ಲ. ಕೊನೆಗೆ ಇಡೀ ಹಾಡಿಗೆ ಒಂದು ಸಂಖ್ಯೆ ಕೊಡುತ್ತದೆ, ಅದು ಮೈನಸ್ ಹದಿನಾಲ್ಕರ ಹತ್ತಿರ ನಿಂತರೆ ಕ್ಷೇಮ.

ಮೀಟರಿನ ಜೊತೆ ಇನ್ನೊಂದು ಇದೆ, ಲಿಮಿಟರ್. ಗೆರೆ ದಾಟಿ ಮೇಲೇಳುವ ಯಾವುದನ್ನೇ ಆದರೂ ತಲೆ ಒತ್ತಿ ಕೂರಿಸುವುದು ಅದರ ಕೆಲಸ. ಮನುಷ್ಯನ ಕಿವಿಗೆ ಕೇಳುತ್ತದೋ ಇಲ್ಲವೋ ಅದಕ್ಕೆ ಬೇಕಿಲ್ಲ. ಹಾಗಾಗಿ ಕಿವಿಗೆ ಬೀಳದಷ್ಟು ತಗ್ಗಿನ ಶಬ್ದವೊಂದು ಹಾಡಿನ ಅಡಿಯಲ್ಲಿ ಸೇರಿಕೊಂಡಿದ್ದರೆ ಮೀಟರ್ ಸುಮ್ಮನಿರುತ್ತದೆ, ಲಿಮಿಟರ್ ಒತ್ತುತ್ತದೆ, ಪಾಪ ಹಾಡುವವರ ದನಿ ಉಸಿರು ಕಟ್ಟಿದಂತೆ ಕುಗ್ಗುತ್ತದೆ. ಅದಕ್ಕೇ ನಮ್ಮ ಕಸುಬಿನವರು ಮೊದಲು ಅಡಿಯನ್ನು ಕತ್ತರಿಸುತ್ತಾರೆ. ಹೆಂಗಸರ ಹಾಡಾದರೆ ಸೆಕೆಂಡಿಗೆ ನೂರು ಕಂಪನದ ಕೆಳಗಿರುವುದೆಲ್ಲ ನನಗೆ ಕಸ. ಆ ಕತ್ತರಿಯನ್ನೂ ಸೇರಿಸಿದ ಒಂದು ಸೆಟ್ಟಿಂಗ್ ಮಾಡಿಟ್ಟುಕೊಂಡಿದ್ದೆ. ಯಾವ ಹಾಡು ಬಂದರೂ ಮೊದಲು ಅದನ್ನು ಒತ್ತುವುದು, ಆಮೇಲೆ ಕೇಳುವುದು. ಅಂಗಡಿ ತೆಗೆದವನು ಮೊದಲು ಕಸ ಗುಡಿಸುತ್ತಾನಲ್ಲ, ಅಷ್ಟೇ ಯೋಚನೆಯಿಲ್ಲದ ಕೆಲಸ ಅದು.

ಆ ವರ್ಷ ಮಳೆ ಹಿಡಿದ ಹೊಸದರಲ್ಲಿ ಸುಮಿತ್ರಾ ಮೇಡಂ ಬ್ಯಾರನ್ನಿಗೆ ಬಂದರು. ಹಾಡಿಯ ಕಾಳಮ್ಮ ಹಳೆಯ ಹಾಡು ಹಾಡುತ್ತಾರೆ, ಅದನ್ನು ಫೋನಿನಲ್ಲಿ ಸಿಗುವ ಹಾಗೆ ಮಾಡಬೇಕು ಎಂದರು. ಶಾಲೆಯ ಮಕ್ಕಳಿಗೆ ಫೋನಿನಲ್ಲಿ ಬಂದದ್ದಷ್ಟೇ ಹಾಡು, ಅಜ್ಜಿ ಹಾಡಿದರೆ ನಾಚಿಕೆ. ಅಜ್ಜಿಯ ಹಾಡೂ ಅದರಲ್ಲೇ ಬಂದರೆ ತಿರುಗಿ ನೋಡಿಯಾರು ಎಂಬುದು ಅವರ ಆಸೆ. ನಾನು ಒಪ್ಪಿದೆ. ಒಳ್ಳೆ ಕೆಲಸವೊಂದನ್ನು ಮಾಡಿದ ಹೆಸರು ಬರಲಿ ಎಂಬ ಚಪಲವೂ ಇತ್ತು.

ಆ ಹಾಡಿಯ ಹೆಸರು ಬೇಡ. ಹನಗೋಡಿನಿಂದ ಇನ್ನೂ ಒಳಗೆ, ಕಾಡಿಗೆ ಬೆನ್ನು ಕೊಟ್ಟುಕೊಂಡಿರುವ ಮೂವತ್ತು ಮನೆ. ಕಾಳಮ್ಮನಿಗೆ ಆಗ ಅರವತ್ತು ದಾಟಿತ್ತು. ಸಣ್ಣ ದೇಹ, ದನಿ ಮಾತ್ರ ದೊಡ್ಡದು. ಬೊಮ್ಮ ಅವರ ತಮ್ಮ, ಹೆಚ್ಚು ಕಡಿಮೆ ನನ್ನ ವಯಸ್ಸಿನವನು. ತಾಯಿ ಸತ್ತಾಗ ಅವನಿನ್ನೂ ತೆವಳುತ್ತಿದ್ದನಂತೆ, ಎತ್ತಿ ಸಾಕಿದವರು ಅಕ್ಕ. ಅವನಿಗೆ ಅವರು ಅಕ್ಕನೂ ಹೌದು ತಾಯಿಯೂ ಹೌದು. ಅಕ್ಕನನ್ನು ದಿನಕ್ಕೆ ಹತ್ತು ಸಲ ಚುಡಾಯಿಸುತ್ತಿದ್ದ, ಬೇರೆ ಯಾರಾದರೂ ಒಂದು ಮಾತು ಅಂದರೆ ಮುಖ ಕಪ್ಪಿಡುತ್ತಿತ್ತು.

ಮೊದಲ ದಿನವೇ ನಾನು ಅಲ್ಲಿಯ ರೂಢಿಯೊಂದನ್ನು ನೋಡಿದೆ. ಬೆಳಿಗ್ಗೆ ಕೂಲಿಗೆ ಹೊರಡುವವರೆಲ್ಲ ಕಾಳಮ್ಮನ ಜಗಲಿಯ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದರು. ಓಗದಾ ಅಕ್ಕ, ಎಂದು ಯಾರಾದರೂ ಒಬ್ಬರು ಕೇಳುವರು. ಕಾಳಮ್ಮ ಒಂದು ಕೈಯನ್ನು ಜಗಲಿಯ ನೆಲಕ್ಕೂ ಇನ್ನೊಂದನ್ನು ಎದೆಗೂ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, ಓಗಿ ಎಂದರೆ ಹೋಗುವರು, ಬ್ಯಾಡ ಎಂದರೆ ಸುತ್ತಿನ ದಾರಿ ಹಿಡಿಯುವರು. ಆ ಕಡೆ ಆನೆಯನ್ನು ಹೆಸರು ಹಿಡಿದು ಹೇಳುವುದಿಲ್ಲ, ಅವನು ಎನ್ನುತ್ತಾರೆ. ಅವನು ಹತ್ತಿರದಲ್ಲಿ ನಿಂತಿದ್ದರೆ ಕೂಗುವುದಿಲ್ಲ, ಗೊಣಗುತ್ತಾನೆ, ಅದು ಕಿವಿಗೆ ಬರುವುದಿಲ್ಲ, ಎದೆಗೆ ಬರುತ್ತದೆ ಎಂದು ಕಾಳಮ್ಮ ನನಗೆ ವಿವರಿಸಿದರು. ನಾನು ತಲೆಯಾಡಿಸಿ ಒಳಗೊಳಗೇ ನಕ್ಕೆ. ಶಬ್ದದ ಬಗ್ಗೆ ನನಗೆ ಪಾಠ ಹೇಳುತ್ತಾರಲ್ಲ ಎಂದು.

ಆ ಮಳೆಗಾಲದಲ್ಲಿ ಇಡೀ ಹಾಡಿಗೆ ಇದ್ದದ್ದು ಒಂದೇ ಚಿಂತೆ, ದಾರಿಯದು. ಎಲ್ಲರಿಗೂ ಕೆಲಸವಿದ್ದದ್ದು ಕೇರಳದ ಸಾಹುಕಾರನೊಬ್ಬ ಗುತ್ತಿಗೆ ಹಿಡಿದಿದ್ದ ಶುಂಠಿ ಹೊಲದಲ್ಲಿ. ಲಂಟಾನ ಪೊದೆಗಳ ನಡುವಿನ ಕಾಲುದಾರಿಯಲ್ಲಿ ಹೋದರೆ ಕಾಲು ಗಂಟೆ. ರಸ್ತೆ ಸುತ್ತಿದರೆ ಕೆಸರಿನಲ್ಲಿ ಒಂದೂವರೆ ಗಂಟೆ. ಪೊದೆಯ ಕಡೆ ಒಂಟಿ ಸಲಗವೊಂದು ಓಡಾಡುತ್ತಿತ್ತು. ಅರಣ್ಯದವರು ಬಂದು ಅದನ್ನು ಹೊಳೆಯಾಚೆ ಅಟ್ಟಿದ್ದರು, ಆಮೇಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವನು ಹೋದ ಎಂದು ಬೊಮ್ಮ. ಹೋಗಿಲ್ಲ ಎಂದು ಕಾಳಮ್ಮ. ಹೆಜ್ಜೆ ನೋಡೋಣವೆಂದರೆ ಮಳೆ ಎಲ್ಲವನ್ನೂ ತೊಳೆದು ಹಾಕುತ್ತಿತ್ತು. ಅಕ್ಕನ ಮಾತಿಗೆ ಕಟ್ಟುಬಿದ್ದು ಎಲ್ಲರೂ ಮೂರು ವಾರದಿಂದ ಸುತ್ತಿ ನಡೆಯುತ್ತಿದ್ದರು. ಹೊತ್ತಿಗೆ ಸರಿಯಾಗಿ ಬರದಿದ್ದರೆ ಬೇರೆ ಊರಿನವರನ್ನು ಕರೆಸುತ್ತೇನೆ ಎಂದು ಹೊಲದ ಮೇಸ್ತ್ರಿ ಹೇಳಿಯಾಗಿತ್ತು. ಹೆಂಗಸರ ಕಾಲ್ಬೆರಳ ಸಂದಿಯೆಲ್ಲ ಕೆಸರುಹುಣ್ಣು.

ರೆಕಾರ್ಡಿಂಗ್ ನಡೆದದ್ದು ಒಂದು ಗುರುವಾರ, ಹಾಡಿಯ ನಡುವಿನ ಹುಲ್ಲು ಮಾಡಿನ ಚಪ್ಪರದಲ್ಲಿ, ಊಟವಾದ ಮೇಲೆ. ಮೋಡ ಕವಿದಿತ್ತು, ಮಳೆ ಇರಲಿಲ್ಲ, ಗಾಳಿ ಕೂಡ ಇರಲಿಲ್ಲ. ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ಇಂಥ ದಿನ ನನಗೆ ಹಬ್ಬ. ಕಾಳಮ್ಮ ನಾಲ್ಕು ಹಾಡು ಹಾಡಿದರು. ಐದನೆಯದು ಮಗುವನ್ನು ಮಲಗಿಸುವ ಹಾಡು, ಬೊಮ್ಮನನ್ನು ಮಲಗಿಸಿದ ಹಾಡು. ಅವನು ಚಪ್ಪರದ ಕಂಬಕ್ಕೊರಗಿ ನಗುತ್ತ ನಿಂತಿದ್ದ. ಎರಡು ನಿಮಿಷ ಹಾಡಿರಬೇಕು. ಹಾಡಿಯ ಮೂರು ನಾಯಿಗಳೂ ಬಾಲ ಮುದುರಿಕೊಂಡು ಬಂದು ನಮ್ಮ ಬೆಂಚಿನ ಕೆಳಗೆ ಸೇರಿದವು. ಬೊಗಳಲಿಲ್ಲ. ಕಾಳಮ್ಮ ಪದದ ನಡುವೆಯೇ ನಿಲ್ಲಿಸಿ ಎದೆಯ ಮೇಲೆ ಕೈಯಿಟ್ಟರು.

"ಅವ್ನವ್ನೆ," ಎಂದರು.

ಯಾರೂ ಅಲ್ಲಾಡಲಿಲ್ಲ. ನಾನು ಹೆಡ್‌ಫೋನ್ ಒತ್ತಿ ಹಿಡಿದು ಕೇಳಿದೆ, ಏನೂ ಇಲ್ಲ. ಚಪ್ಪರದಾಚೆ ಲಂಟಾನ ಹಸಿರು ಗೋಡೆಯ ಹಾಗೆ ನಿಂತಿತ್ತು. ಅದರ ಹಿಂದೆ ಹತ್ತು ಮಾರಿನಲ್ಲಿ ಏನು ನಿಂತಿದ್ದರೂ ಕಾಣುವಂತಿರಲಿಲ್ಲ. ಆಗ ಬೊಮ್ಮ, ಮಗುವಿಗೆ ಹೇಳುವ ದನಿಯಲ್ಲಿ ಹೇಳಿದ.

"ಏನೂ ಇಲ್ಲ. ನೀ ಆಡಕ್ಕ, ನಾನಿಲ್ಲೇ ಇವ್ನಲ್ಲ."

ಕಾಳಮ್ಮ ಕೊನೆಗೆ ಹಾಡನ್ನು ಮುಂದುವರಿಸಿದರು. ಮುಗಿದ ಮೇಲೆ ಚಹಾ ಕುಡಿಯುತ್ತ ಅಕ್ಕ ತಮ್ಮ ಮತ್ತೆ ಅದೇ ಜಗಳಕ್ಕೆ ನಿಂತರು. ದೂರದಲ್ಲಿ ಕೊಡಗಿನ ಕಡೆ ಗುಡುಗಿರಬೇಕು ಎಂದು ಅವನು, ಗುಡುಗು ಯಾವುದು ಅವನು ಯಾವನು ಎಂದು ನನಗೆ ಗೊತ್ತಿಲ್ಲವೇ ಎಂದು ಅವರು. ಬೊಮ್ಮ ನನ್ನ ಕಡೆ ತಿರುಗಿದ.

"ಲೋಕಣ್ಣ, ನಿಮ್ ಮಿಷಿನ್ನು ಎಲ್ಲಾನೂ ಇಡ್ಕತದಲ್ವಾ? ಅದ್ರಲ್ಲಿ ಇದ್ರೆ ಅವ್ನವ್ನೆ, ಇಲ್ದಿದ್ರೆ ಇಲ್ಲ. ಅಷ್ಟೇ ಕಣಕ್ಕ."

ಇರುವೆ ಕೆಮ್ಮಿದರೂ ನನ್ನ ಮೈಕಿಗೆ ಬರುತ್ತದೆ ಎಂದು ನಾನು ಜಂಬ ಕೊಚ್ಚಿದೆ. ಇಲ್ಲಿ ಹೆಡ್‌ಫೋನಿನಲ್ಲಿ ಸರಿಯಾಗಿ ಗೊತ್ತಾಗುವುದಿಲ್ಲ, ಸೋಮವಾರ ಬ್ಯಾರನ್ನಿಗೆ ಬನ್ನಿ, ದೊಡ್ಡ ಬಾಕ್ಸಿನಲ್ಲಿ ಹಾಕುತ್ತೇನೆ, ಇದ್ದರೆ ಎದೆಗೆ ಗುದ್ದುತ್ತದೆ ಎಂದೆ. ಕಾಳಮ್ಮ ನನ್ನ ಮೈಕನ್ನೂ ನನ್ನನ್ನೂ ಒಂದು ಸಲ ನೋಡಿ ಆಗಲಿ ಎಂದರು. ಮೂವತ್ತು ಮನೆಯವರು ನಡೆಯುವ ದಾರಿಯನ್ನು ನನ್ನ ಬಾಕ್ಸಿಗೆ ಒಪ್ಪಿಸಿದರು. ನನಗೆ ಅದರ ಭಾರ ತಿಳಿಯಲಿಲ್ಲ, ಹೆಮ್ಮೆಯಾಯಿತು.

ಶನಿವಾರ ಕೂತು ಕೆಲಸ ಮಾಡಿದೆ. ಹೊರಗೆ ಜಡಿಮಳೆ. ನಾಲ್ಕು ಹಾಡು ಸಲೀಸಾಗಿ ಹೋದವು. ಐದನೆಯದನ್ನು ತೆರೆದಾಗ, ಅಂದು ಯಾಕೋ ಸೆಟ್ಟಿಂಗ್ ಒತ್ತುವ ಮೊದಲೇ ಹಾಡು ಶುರುವಾಗಿತ್ತು. ಎರಡನೆಯ ನಿಮಿಷದ ಹತ್ತಿರ ಲಿಮಿಟರಿನ ಕೆಂಪು ಗೆರೆ ದಡಾರನೆ ಕೆಳಗಿಳಿಯಿತು. ಕಾಳಮ್ಮನ ದನಿ ಕುಗ್ಗಿತು. ಮೀಟರ್ ಮಾತ್ರ ಇದ್ದಲ್ಲೇ ಇತ್ತು. ಕಿವಿಗೆ ಏನೂ ಕೇಳುತ್ತಿರಲಿಲ್ಲ. ಏನೂ ಇಲ್ಲದ ಕಡೆ ಏನನ್ನು ಒತ್ತುತ್ತಿದೆ ಇದು ಎಂದು ಒಂದು ಕ್ಷಣ ಅನ್ನಿಸಿತು. ಗಾಳಿಯಿರಬೇಕು ಎಂದುಕೊಂಡೆ. ಅವತ್ತು ಗಾಳಿ ಇರಲಿಲ್ಲವೆಂದು ನನಗೇ ಗೊತ್ತಿತ್ತು. ಸೆಟ್ಟಿಂಗ್ ಒತ್ತಿದೆ. ನೂರರ ಕೆಳಗಿನದೆಲ್ಲ ಹೋಯಿತು, ಕೆಂಪು ಗೆರೆ ಮೇಲೆದ್ದು ಸುಮ್ಮನಾಯಿತು, ಕಾಳಮ್ಮನ ದನಿ ಅರಳಿಕೊಂಡಿತು, ಸಂಖ್ಯೆ ಮೈನಸ್ ಹದಿನಾಲ್ಕಕ್ಕೆ ಬಂದು ಕೂತಿತು. ಹಾಡು ನಿಂತ ಜಾಗವನ್ನೂ ಬೊಮ್ಮನ ಮಾತನ್ನೂ ತೆಗೆದು ಎರಡು ತುದಿಗಳನ್ನು ಹೊಲಿಗೆ ಕಾಣದಂತೆ ಸೇರಿಸಿದೆ. ಆ ಕ್ಷಣ ಸೋಮವಾರದ ಮಾತು ನಿನಗೆ ನೆನಪಾಗಲಿಲ್ಲವೇ ಎಂದು ನೀವು ಕೇಳಬಹುದು. ಇಲ್ಲ ಎಂದು ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ, ಪೂರ್ತಿ ನಂಬಿಕೆ ಬಂದಿಲ್ಲ.

ಸೋಮವಾರ ಮೂವರೂ ಗೂಡ್ಸ್ ಆಟೋದಲ್ಲಿ ಬಂದಿಳಿದರು, ಕಾಳಮ್ಮ, ಬೊಮ್ಮ, ಸುಮಿತ್ರಾ ಮೇಡಂ. ಪಕ್ಕದ ಬ್ಯಾರನ್ನಿನಲ್ಲಿ ಅಂದೇ ಬೆಂಕಿ ಹಾಕಿದ್ದರು, ವಾಸನೆ ಒಳಗೆಲ್ಲ ತುಂಬಿತ್ತು. ಅವರು ಕೇಳಬೇಕಾಗಿದ್ದದ್ದು ಗುರುವಾರ ಮೈಕಿಗೆ ಬಿದ್ದದ್ದನ್ನು, ಇದ್ದದ್ದು ಇದ್ದ ಹಾಗೆ. ಆದರೆ ಅದು ಸಣ್ಣಗೆ, ಒಣಗಿದಂತೆ ಕೇಳುತ್ತದೆ. ನನ್ನ ಕೆಲಸ ಕಾಣಬೇಕಲ್ಲ. ಶನಿವಾರ ಮಾಡಿಟ್ಟ ಹಾಡನ್ನೇ ಹಾಕಿದೆ. ಕಾಳಮ್ಮ ನೇರವಾಗಿ ದೊಡ್ಡ ಬಾಕ್ಸಿನ ಹತ್ತಿರ ಹೋಗಿ ಅದರ ಮೈಮೇಲೆ ಅಂಗೈ ಊರಿ ನಿಂತರು. ಹಾಡು ಬಂತು. ತುಂಬಾ ಚೆನ್ನಾಗಿ ಬಂತು. ಸುಮಿತ್ರಾ ಮೇಡಂ ಕಣ್ಣೊರೆಸಿಕೊಂಡರು. ಬೊಮ್ಮ ಮಾತ್ರ ನಕ್ಕು, ನನ್ನ ಮಾತು ಎಲ್ಲಿ ಹೋಯಿತು ಎಂದು ಕೇಳಿದ. ಹಾಡಿನಲ್ಲಿ ಮಾತು ಇರಬಾರದು, ತೆಗೆದೆ ಎಂದೆ.

ಸುಮಿತ್ರಾ ಮೇಡಂ ತಿರುಗಿ ನೋಡಿದರು. "ಬೇರೆ ಏನಾದ್ರೂ ತೆಗ್ದಿದ್ದೀರಾ?"

"ಇಲ್ಲ ಮೇಡಂ, ಮಾತು ಒಂದೇ. ಮಿಕ್ಕಿದ್ದೆಲ್ಲ ಇದ್ದ ಹಾಗೇ ಇದೆ."

ಈ ಮಾತನ್ನು ನಾನು ಯೋಚಿಸಿ ಆಡಿದ್ದಲ್ಲ. ಗುಡಿಸಿದ ಕಸದ ಬಗ್ಗೆ ಯಾರು ಯೋಚಿಸುತ್ತಾರೆ. ಕಾಳಮ್ಮ ಇನ್ನೊಂದು ಸಲ ಹಾಕಿಸಿದರು, ಕಣ್ಣು ಮುಚ್ಚಿ ಎರಡೂ ಕೈ ಇಟ್ಟು ನೋಡಿದರು. ಆಮೇಲೆ ಕೈಯನ್ನು ತೆಗೆದು ಸೆರಗಿಗೆ ಒರೆಸಿಕೊಂಡರು.

"ಇಲ್ಲ ಕಣಪ್ಪ," ಎಂದರು. "ನನ್ ಎದೆನೇ ಮುದಿ ಆಗ್ಬುಟ್ಟದೆ."

ಬೊಮ್ಮ ಅಕ್ಕನ ಹೆಗಲ ಮೇಲೆ ಕೈ ಹಾಕಿ ಕರೆದುಕೊಂಡು ಹೋದ. ಗೆದ್ದ ಸಂತೋಷ ಅವನ ಮುಖದಲ್ಲಿರಲಿಲ್ಲ, ಅಕ್ಕ ಸೋತರಲ್ಲ ಎಂದು ಪೆಚ್ಚಾಗಿದ್ದ.

ಬುಧವಾರ ಹಾಡುಗಳಿದ್ದ ಪೆನ್‌ಡ್ರೈವ್ ಕೊಡಲು ಬೆಳಿಗ್ಗೆಯೇ ಹಾಡಿಗೆ ಹೋಗಿದ್ದೆ. ಗುದ್ದಲಿ ಹೆಗಲಿಗೇರಿಸಿಕೊಂಡು ಜನ ಹೊರಟಿದ್ದರು. ಕಾಳಮ್ಮ ಜಗಲಿಯ ಮೇಲೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಯಾರೂ ನಿಲ್ಲಲಿಲ್ಲ, ಯಾರೂ ಕೇಳಲಿಲ್ಲ. ಒಬ್ಬರ ಹಿಂದೊಬ್ಬರು ಜಗಲಿಯ ಮುಂದಿನಿಂದ ಹಾದು ಲಂಟಾನದ ದಾರಿಯೊಳಗೆ ಇಳಿದರು. ಕಾಳಮ್ಮ ತಲೆ ಎತ್ತಲೂ ಇಲ್ಲ. ಚಪ್ಪರದ ನಾಯಿಗಳು ದಾರಿಯ ಬಾಯಿಯವರೆಗೆ ಅವರ ಜೊತೆ ಹೋಗಿ, ಅಲ್ಲೇ ಕೂತು, ವಾಪಸ್ಸು ಬಂದವು. 

ಶುಕ್ರವಾರ ಹನ್ನೊಂದು ಗಂಟೆಗೆ ಸುಮಿತ್ರಾ ಮೇಡಂ ಫೋನ್ ಮಾಡಿದರು. ಪೊದೆಯ ದಾರಿಯಲ್ಲಿ ಬೊಮ್ಮ ಎಲ್ಲರಿಗಿಂತ ಮುಂದಿದ್ದನಂತೆ. ತಿರುವಿನಲ್ಲಿ ಸಲಗ ನಿಂತಿತ್ತು, ಅವನಿಗೆ ಅದು ಮರವೋ ಏನೋ ಎಂದು ತಿಳಿಯುವುದರೊಳಗೆ ಹತ್ತಿರವಾಗಿತ್ತು. ಓಡಿ ಎಂದು ಹಿಂದಿನವರಿಗೆ ಕೂಗಿದನಂತೆ. ಹನ್ನೊಂದು ಜನರಿದ್ದರು, ಹತ್ತು ಜನ ಉಳಿದರು. ಮಿಕ್ಕಿದ್ದನ್ನು ನಾನು ಬರೆಯುವುದಿಲ್ಲ, ಆ ಹತ್ತು ಜನ ಇನ್ನೂ ಅದನ್ನು ಹೊತ್ತುಕೊಂಡು ಬದುಕಿದ್ದಾರೆ.

ಮಣ್ಣು ಮಾಡಿ ಬಂದ ಮಾರನೆಯ ದಿನ ಬ್ಯಾರನ್ನಿನ ಬಾಗಿಲು ಹಾಕಿಕೊಂಡು ಗುರುವಾರದ ಮೂಲ ರೆಕಾರ್ಡಿಂಗ್ ತೆಗೆದೆ. ಯಾವ ಸೆಟ್ಟಿಂಗೂ ಇಲ್ಲದೆ, ಅದೇ ದೊಡ್ಡ ಬಾಕ್ಸಿನಲ್ಲಿ. ಎರಡನೆಯ ನಿಮಿಷದಲ್ಲಿ ಪರದೆಯ ತೀರ ಅಡಿಯಲ್ಲಿ, ನೂರಕ್ಕಿಂತ ಎಷ್ಟೋ ಕೆಳಗೆ, ದಪ್ಪ ಗೆರೆಯೊಂದು ಎದ್ದಿತು. ಕಿವಿಗೆ ಏನೂ ಇಲ್ಲವೆಂದರೆ ಇಲ್ಲ. ಕಾಳಮ್ಮ ಇಟ್ಟ ಜಾಗದಲ್ಲೇ ಕೈಯಿಟ್ಟೆ. ಬಾಕ್ಸಿನ ಹಲಗೆ ನನ್ನ ಅಂಗೈ ಕೆಳಗೆ ನಿಧಾನವಾಗಿ ನಡುಗುತ್ತಿತ್ತು. ನಡುಕ ಮೊಣಕೈಗೆ ಬಂತು, ಅಲ್ಲಿಂದ ಎದೆಗೆ. ಅವನು ಅಲ್ಲೇ ಇದ್ದ. ನಾವು ಹಾಡು ಕೇಳುತ್ತ ಕೂತಿದ್ದಾಗ ಪೊದೆಯ ಹಿಂದೆ ನಿಂತು ಅವನೂ ಇದ್ದ. ನನ್ನ ಮೈಕು ಅವನನ್ನು ಹಿಡಿದಿತ್ತು. ನಾನು ಗುಡಿಸಿ ಹಾಕಿದ್ದೆ.

ಆ ದಿನವೇ ಹೋಗಿ ಹೇಳಬೇಕಾಗಿತ್ತು. ಸೂತಕ ಕಳೆಯಲಿ ಎಂದುಕೊಂಡೆ, ಆಮೇಲೆ ಮಳೆ ನಿಲ್ಲಲಿ ಎಂದುಕೊಂಡೆ, ಆಮೇಲೆ ಹೇಳಿ ಏನು ಪ್ರಯೋಜನ ಎಂದುಕೊಂಡೆ. ಹೆದರಿದ್ದೆ, ಅಷ್ಟೇ. ಹಾಡುಗಳು ಫೋನಿಗೆ ಹೋದವು. ಐದನೆಯ ಹಾಡನ್ನು ಜನ ಎಲ್ಲಕ್ಕಿಂತ ಹೆಚ್ಚು ಕೇಳುತ್ತಾರೆ. ಯಾವ್ಯಾವುದೋ ಊರಿನ ತಾಯಂದಿರು ಇದನ್ನು ಹಾಕಿದರೆ ಮಗು ತಕ್ಷಣ ಮಲಗುತ್ತದೆ, ಎಷ್ಟು ನೆಮ್ಮದಿಯ ಹಾಡು ಎಂದು ಕೆಳಗೆ ಬರೆಯುತ್ತಾರೆ. ಅದನ್ನು ಓದಿದ ದಿನ ನನಗೆ ಊಟ ಸೇರುವುದಿಲ್ಲ. ಯಾರ ಹಾಡು ಬಂದರೂ ಈಗ ಆ ಸೆಟ್ಟಿಂಗ್ ಒತ್ತುವುದಿಲ್ಲ. ಮೊದಲು ಬಾಕ್ಸಿನ ಮೇಲೆ ಕೈಯಿಟ್ಟು ಅಡಿಯಲ್ಲಿ ಏನಿದೆ ಎಂದು ನೋಡುತ್ತೇನೆ. ಗಿರಾಕಿಗಳು ಇವನಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ.

ನಿನ್ನೆ ಕಾಳಮ್ಮ ಬಂದರು. ಇನ್ನೂ ಸಣ್ಣಗಾಗಿದ್ದಾರೆ. ಸುಮಿತ್ರಾ ಮೇಡಂ ಅವರನ್ನು ಕುರ್ಚಿಯಲ್ಲಿ ಕೂರಿಸಿ ತಾವು ಬಾಗಿಲ ಹತ್ತಿರ ನಿಂತರು. ಪಕ್ಕದ ಬ್ಯಾರನ್ನಿನ ವಾಸನೆ ಆ ಸೋಮವಾರದಂತೆಯೇ ತುಂಬಿತ್ತು. ನಾನು ಎರಡು ಫೈಲು ಮಾಡಿಟ್ಟಿದ್ದೆ. ಒಂದರಲ್ಲಿ ಬೊಮ್ಮನ ಮಾತು ಮಾತ್ರ, ಅಡಿ ಕತ್ತರಿಸಿದ್ದು. ಇನ್ನೊಂದು ಇದ್ದದ್ದು ಇದ್ದ ಹಾಗೆ. ಬೆಳಿಗ್ಗೆಯವರೆಗೂ ಮೊದಲನೆಯದನ್ನೇ ಹಾಕುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ಮುದುಕಿಗೆ ಈ ವಯಸ್ಸಿನಲ್ಲಿ ಯಾಕೆ ಸಂಕಟ ಎಂಬ ನೆಪವನ್ನೂ ಹುಡುಕಿಕೊಂಡಿದ್ದೆ. ಕಾಳಮ್ಮ ಕುರ್ಚಿಯಿಂದ ಎದ್ದು ಹೋಗಿ, ಯಾರೂ ಹೇಳದೆಯೇ, ಬಾಕ್ಸಿನ ಮೇಲೆ ಅಂಗೈ ಊರಿ ನಿಂತರು. ತಮ್ಮನ ದನಿಯನ್ನು ಮುಟ್ಟಲು ಬಂದವರ ಕೈ ಅದು. ನನ್ನಿಂದ ಆಗಲಿಲ್ಲ. ಎರಡನೆಯದನ್ನು ಹಾಕಿದೆ.

ಹಾಡು ಶುರುವಾಯಿತು. ಎರಡನೆಯ ನಿಮಿಷಕ್ಕೆ ಬರುವ ಹೊತ್ತಿಗೆ ಅವರ ಬೆರಳುಗಳು ಹಲಗೆಯ ಮೇಲೆ ಅಗಲವಾದವು. ಹಾಡು ನಿಂತಿತು. ಅವ್ನವ್ನೆ ಎಂದು ಮೂರು ವರ್ಷದ ಹಿಂದಿನ ಕಾಳಮ್ಮ ಹೇಳಿದರು. ಏನೂ ಇಲ್ಲ, ನೀ ಆಡಕ್ಕ, ನಾನಿಲ್ಲೇ ಇವ್ನಲ್ಲ ಎಂದು ಬೊಮ್ಮ ಹೇಳಿದ. ಸುಮಿತ್ರಾ ಮೇಡಂ ಬಾಯಿಗೆ ಸೆರಗು ಒತ್ತಿಕೊಂಡರು. ಕಾಳಮ್ಮ ಅಳಲಿಲ್ಲ. ಬಾಕ್ಸಿನಿಂದ ಕೈ ತೆಗೆಯದೆ ಕತ್ತು ಮಾತ್ರ ತಿರುಗಿಸಿ ನನ್ನನ್ನು ನೋಡಿದರು.

"ಆವತ್ತು ಇದು ಇರ್ನಿಲ್ಲ."

"ನಾನೇ ತೆಗ್ದಿದ್ದೆ ಕಾಳಮ್ಮ," ಎಂದೆ. "ಹಾಡು ಜೋರಾಗಿ ಬರ್ಲಿ ಅಂತ ತೆಗ್ದಿದ್ದೆ. ತೆಗ್ದಿದ್ದನ್ನೇ ನಿಮ್ಗೆ ಕೇಳ್ಸಿ, ಎಲ್ಲಾ ಇದೆ ಅಂದೆ."

ಬೈಯುತ್ತಾರೆ, ಶಾಪ ಹಾಕುತ್ತಾರೆ, ಏನಾದರೊಂದು ಆಗಲಿ ಎಂದು ಕಾದೆ. ಬಾಗಿಲ ಕಡೆ ನೋಡುವ ಧೈರ್ಯವಿರಲಿಲ್ಲ. ಕಾಳಮ್ಮ ಬಾಕ್ಸಿನ ಮೇಲಿದ್ದ ಕೈಯ ಕಡೆ ತಿರುಗಿದರು. ಆಮೇಲೆ ನನಗಲ್ಲ, ಆ ಕೈಗೆ ಹೇಳಿದ ಹಾಗೆ ಹೇಳಿದರು.

"ಆ ಸುಕ್ರವಾರ ಬೆಳಿಗ್ಗೆನೂ ಬಂದಿತ್ತು ಕಣಪ್ಪ, ಎದೆಗೆ. ಬೊಮ್ಮ ಗುದ್ಲಿ ತಕ್ಕಂಡು ನನ್ ಮುಂದೆನೇ ಓದ. ನಿನ್ ಪೆಟ್ಟಿಗೇಲಿ ಇಲ್ದಿದ್ದು ನನ್ ಎದೇಲಿ ಎಲ್ಲಿಂದ ಬಂದದು ಅಂತ ಸುಮ್ಕೆ ಕುಂತಿದ್ದೆ."

ಮೂರು ವರ್ಷ ಅವರು ಅದನ್ನು ಯಾರಿಗೂ ಹೇಳಿರಲಿಲ್ಲ ಎಂಬುದು ಸುಮಿತ್ರಾ ಮೇಡಂ ಮುಖ ನೋಡಿದಾಗ ತಿಳಿಯಿತು. ಕಾಳಮ್ಮ ಇನ್ನೊಂದು ಕೈಯನ್ನೂ ಬಾಕ್ಸಿನ ಮೇಲಿಟ್ಟು, ಇನ್ನೊಂದು ಸಲ ಹಾಕು ಎಂದರು. ಹಾಕಿದೆ.